ಏಳು ಬಗೆಯಲ್ಲಿ ತೊಡಬಹುದು, ಆದರೆ ಎಷ್ಟು ಸಲ ತೊಡುತ್ತಾರೆ?

ಫ್ಯಾಷನ್ ಕಾಲೇಜುಗಳ ಅಂತಿಮ ವರ್ಷದ ಪ್ರದರ್ಶನಗಳಲ್ಲಿ ಈಗ ‘ಸುಸ್ಥಿರ’ ಮತ್ತು ‘ಬಹೂಪಯೋಗಿ’ ಎಂಬ ಎರಡು ಮಾತುಗಳು ಜೋಡಿಯಾಗಿಯೇ ಕೇಳಿಬರುತ್ತವೆ. ತೋಳು ಕಳಚಿದರೆ ಜಾಕೆಟ್ಟು ವೇಸ್ಟ್‌ಕೋಟ್ ಆಗುತ್ತದೆ, ಒಳಮೈ ಹೊರಗೆ ಮಾಡಿದರೆ ಬಣ್ಣ ಬದಲಾಗುತ್ತದೆ, ದುಪಟ್ಟಾ ಮಡಚಿದರೆ ಚೀಲವಾಗುತ್ತದೆ. ಒಂದು ಉಡುಪು ಹಲವು ಉಡುಪುಗಳ ಕೆಲಸ ಮಾಡಿದರೆ ಕೊಳ್ಳುವುದು ಕಡಿಮೆಯಾಗುತ್ತದೆ, ಆಗ ಪರಿಸರದ ಮೇಲಿನ ಹೊರೆಯೂ ಇಳಿಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಆಶಯ ಒಳ್ಳೆಯದೇ. ಆದರೆ ನಡುವೆ ಒಂದು ಕೊಂಡಿ ಕಳಚಿಕೊಂಡಿದೆ. ಉಡುಪನ್ನು ಎಷ್ಟು ಬಗೆಯಲ್ಲಿ ತೊಡಬಹುದು ಎನ್ನುವುದೇ ಬೇರೆ, ಅದನ್ನು ಎಷ್ಟು ಸಲ ತೊಡುತ್ತಾರೆ ಎನ್ನುವುದೇ ಬೇರೆ. ಪರಿಸರದ ಲೆಕ್ಕ ನಿಂತಿರುವುದು ಎರಡನೆಯದರ ಮೇಲೆ.

ತಪ್ಪು ಕಲ್ಪನೆ: ಉಪಯೋಗಗಳು ಹೆಚ್ಚಿದಷ್ಟೂ ಉಡುಪು ಪರಿಸರಸ್ನೇಹಿ

ಸತ್ಯ: ನಾರು ತಯಾರಿಸಿ, ನೂಲು ತೆಗೆದು, ನೇಯ್ದು, ಬಣ್ಣ ಹಾಕಿ, ಹೊಲಿದು ಮುಗಿಸುವಷ್ಟರಲ್ಲೇ ಪರಿಸರದ ಮೇಲಿನ ಹೊರೆಯ ದೊಡ್ಡ ಪಾಲು ಬಿದ್ದಾಗಿರುತ್ತದೆ. ಆ ಹೊರೆ ಎಷ್ಟು ಬಳಕೆಗಳ ಮೇಲೆ ಹಂಚಿಹೋಗುತ್ತದೆ ಎಂಬುದೇ ಮುಂದಿನ ಮುಖ್ಯ ಪ್ರಶ್ನೆ. ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಷನ್ 2017ರಲ್ಲಿ ಹೊರತಂದ ವರದಿಯ ಪ್ರಕಾರ, ಹದಿನೈದು ವರ್ಷಗಳಲ್ಲಿ ಜಗತ್ತಿನ ಉಡುಪು ಉತ್ಪಾದನೆ ಸರಿಸುಮಾರು ಇಮ್ಮಡಿಯಾಯಿತು. ಒಂದು ಉಡುಪನ್ನು ಬಿಸಾಡುವ ಮೊದಲು ಎಷ್ಟು ಸಲ ತೊಡುತ್ತಾರೆ ಎಂಬ ಲೆಕ್ಕ ಮಾತ್ರ ಶೇ 36ರಷ್ಟು ಕುಸಿಯಿತು. ಉಡುಪನ್ನು ಇನ್ನೂ ಒಂಬತ್ತು ತಿಂಗಳು ಬಳಕೆಯಲ್ಲಿ ಉಳಿಸಿಕೊಂಡರೆ ಇಂಗಾಲ, ನೀರು, ಕಸ ಮೂರರ ಹೊರೆಯೂ ಶೇ 20ರಿಂದ 30ರಷ್ಟು ತಗ್ಗುತ್ತದೆ ಎಂದು ಬ್ರಿಟನ್ನಿನ ರ್‍ಯಾಪ್ ಸಂಸ್ಥೆ 2012ರಲ್ಲಿ ಅಂದಾಜಿಸಿತ್ತು. ಈ ದೃಷ್ಟಿಯಿಂದ ಎರಡೂ ಕಡೆ ತೊಡಬಹುದಾದ ಜಾಕೆಟ್ಟನ್ನು ಬಿಚ್ಚಿ ನೋಡಬೇಕು. ಎರಡೂ ಮೈ ಹೊರಮೈಯೇ ಆದ್ದರಿಂದ ತೆಳು ಅಸ್ತರಿನ ಜಾಗದಲ್ಲೂ ಗಟ್ಟಿ ಬಟ್ಟೆ ಬೇಕು. ಹೊಲಿಗೆಯ ಅಂಚು ಯಾವ ಕಡೆಯೂ ಕಾಣಬಾರದು, ಜೇಬು ಎರಡೂ ಕಡೆ ಇರಬೇಕು, ಜಿಪ್ಪನ್ನು ಒಳಗಿನಿಂದಲೂ ಹೊರಗಿನಿಂದಲೂ ಎಳೆಯುವಂತಿರಬೇಕು. ಒಳಗಿದ್ದ ಮೈ ಬೆವರು ಹೀರಿರುತ್ತದೆ, ಕಾಲರು ಕೊಳೆಯಾಗಿರುತ್ತದೆ. ತಿರುಗಿಸಿ ತೊಡುವ ಮುಂಚೆ ಒಗೆಯಬೇಕಾಗುತ್ತದೆ. ತೋಳು ಕಳಚಲು ಇಟ್ಟ ಜಿಪ್ಪು ಭುಜದ ಸುತ್ತ, ಕೈ ಎತ್ತಿದಾಗಲೆಲ್ಲ ಎಳೆತ ಬೀಳುವ ಜಾಗದಲ್ಲೇ ಇರುತ್ತದೆ. ಅದು ಕೆಟ್ಟ ದಿನ ಜಾಕೆಟ್ಟು, ವೇಸ್ಟ್‌ಕೋಟು ಎರಡೂ ಒಟ್ಟಿಗೆ ಮೂಲೆ ಸೇರುತ್ತವೆ. ತೊಡುವವರು ಒಂದೇ ಬಣ್ಣಕ್ಕೆ ಒಗ್ಗಿಹೋದರಂತೂ ಎರಡನೆಯ ಮೈಗೆ ಹಾಕಿದ ಬಟ್ಟೆ, ದುಡಿಮೆ, ಬಣ್ಣ ಎಲ್ಲವೂ ದಂಡ.

ತಪ್ಪು ಕಲ್ಪನೆ: ಹತ್ತಿಬಟ್ಟೆ ಆರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು

ಸತ್ಯ: ನಾರಿನ ಹೆಸರು ಮಾತ್ರದಿಂದ ಏನೂ ತೀರ್ಮಾನವಾಗುವುದಿಲ್ಲ. ಒಂದು ಕಿಲೋ ಹತ್ತಿಬಟ್ಟೆಗೆ ಮಳೆನೀರೂ ಸೇರಿ ಸುಮಾರು 10,000 ಲೀಟರ್ ನೀರು ಬೇಕೆಂಬುದು ಜಾಗತಿಕ ಸರಾಸರಿ. ಉತ್ತರ ಕರ್ನಾಟಕದಲ್ಲಿ ಮಳೆಯಾಶ್ರಯದಲ್ಲೇ ಬೆಳೆಯುವ ಜಯಧರ್ ಹತ್ತಿಯನ್ನೂ ಕಾಲುವೆ ನೀರು, ಕೀಟನಾಶಕಗಳ ಬಲದಿಂದ ಬೆಳೆದ ಹತ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಕೈಚೀಲಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇನ್ನೊಂದು ಪಾಠ ಹೇಳುತ್ತದೆ. ಹವಾಮಾನದ ಮೇಲಿನ ಪರಿಣಾಮ ಒಂದನ್ನೇ ಪರಿಗಣಿಸಿದರೂ, ಹತ್ತಿಚೀಲವು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗಬೇಕಾದರೆ ಅದನ್ನು ಕಡೇಪಕ್ಷ 52 ಸಲ ಬಳಸಬೇಕು. ಚರಂಡಿಗೂ ದನದ ಹೊಟ್ಟೆಗೂ ಸೇರುವ ಪ್ಲಾಸ್ಟಿಕ್ಕಿನ ಕೇಡು ಆ ಲೆಕ್ಕದಲ್ಲಿಲ್ಲ, ಆದ್ದರಿಂದ ಅದು ಪ್ಲಾಸ್ಟಿಕ್ಕಿನ ಪರವಾದ ತೀರ್ಪಲ್ಲ. ಹತ್ತಿಯೂ ಬಳಕೆಯಿಂದಲೇ ತನ್ನ ಸಾಲ ತೀರಿಸಬೇಕು ಎಂಬುದಷ್ಟೇ ಅದರ ತಾತ್ಪರ್ಯ. ಒಂದೆರಡು ಸಲ ತೊಟ್ಟು ಬೀರುವಿನಲ್ಲಿಟ್ಟ ಖಾದಿಗೆ ಈ ಸಾಲ ತೀರುವುದಿಲ್ಲ.

ತಪ್ಪು ಕಲ್ಪನೆ: ಚೂರು ಉಳಿಯದಂತೆ ಕತ್ತರಿಸಿದರಾಯಿತು, ಹಳೆಯದಾದರೆ ಮರುಬಳಕೆ ಇದ್ದೇ ಇದೆ

ಸತ್ಯ: ಸಾಮಾನ್ಯ ಕತ್ತರಿಕೆಯಲ್ಲಿ ಸುಮಾರು ಶೇ 15ರಷ್ಟು ಬಟ್ಟೆ ಚೂರಾಗಿ ಹೋಗುತ್ತದೆ ಎಂಬುದು ಈ ಕ್ಷೇತ್ರದ ಅಂದಾಜು. ಅದನ್ನು ಉಳಿಸುವ ಪ್ರಯತ್ನ ಮೆಚ್ಚಬೇಕಾದದ್ದೇ. ಆದರೆ ಚೂರು ಉಳಿಸಬಾರದೆಂದು ಎರಡು ಮೀಟರಿನ ಅಂಗಿಗೆ ಎರಡೂವರೆ ಮೀಟರು ಬಳಸಿದರೆ ಕಸ ಕಡಿಮೆಯಾಗಲಿಲ್ಲ, ಅಂಗಿಯೊಳಗೆ ಸೇರಿಕೊಂಡಿತು ಅಷ್ಟೆ. ಮರುಬಳಕೆಯ ಭರವಸೆ ಇನ್ನೂ ದುರ್ಬಲ. ಉಡುಪಿಗೆ ಬಳಸಿದ ವಸ್ತುವಿನಲ್ಲಿ ಮತ್ತೆ ಹೊಸ ಉಡುಪಾಗುವ ಪಾಲು ಶೇ 1ಕ್ಕಿಂತ ಕಡಿಮೆ ಎನ್ನುತ್ತದೆ 2017ರ ಅದೇ ವರದಿ. ಹತ್ತಿ, ಪಾಲಿಯೆಸ್ಟರ್, ಎಲಾಸ್ಟೇನ್ ಬೆರೆತ ಬಟ್ಟೆಯ ನಾರುಗಳನ್ನು ಬೇರ್ಪಡಿಸುವುದು ಕಷ್ಟ. ಅದಕ್ಕೆ ಜಿಪ್ಪು, ಅಯಸ್ಕಾಂತದ ಗುಂಡಿ, ವೆಲ್ಕ್ರೊ ಸೇರಿದಂತೆಲ್ಲ ಕಷ್ಟ ಹೆಚ್ಚುತ್ತದೆ. ಬಹೂಪಯೋಗಿ ಎನಿಸಿಕೊಂಡ ಉಡುಪುಗಳಲ್ಲಿ ಇಂಥವೇ ಹೆಚ್ಚಾಗಿರುತ್ತವೆ.

ಹಾಗಾದರೆ ಬಹೂಪಯೋಗ ಎಂಬುದೇ ಸುಳ್ಳೇ?

ಅಲ್ಲ. ಅದು ನಿಜವಾಗಲು ಎರಡು ಷರತ್ತುಗಳಿವೆ: ಹೆಚ್ಚುವರಿ ಉಪಯೋಗಕ್ಕಾಗಿ ಹೆಚ್ಚುವರಿ ವಸ್ತು ಬೇಡಬಾರದು, ಮತ್ತು ಆ ಉಪಯೋಗ ತೊಡುವವರ ದಿನಚರಿಯಲ್ಲಿ ನಿಜವಾಗಿ ಬರುವಂಥದ್ದಾಗಿರಬೇಕು. ಬಯಲುಸೀಮೆಯ ಕುರಿಗಾರರ ಕಂಬಳಿ ಈ ಎರಡನ್ನೂ ಪೂರೈಸುತ್ತದೆ. ಕುರಿಯ ಉಣ್ಣೆಯ ನೂಲಿಗೆ ಹುಣಸೆಬೀಜದ ಸರಿ ಕೊಟ್ಟು ನೇಯ್ದ ಆ ಬಟ್ಟೆ ಮಳೆ ಬಂದಾಗ ತಲೆಯ ಮೇಲೆ ಕೊಪ್ಪೆಯಾಗುತ್ತದೆ, ಚಳಿಗೆ ಹೊದಿಕೆಯಾಗುತ್ತದೆ, ರಾತ್ರಿ ಹಾಸಿಗೆಯಾಗುತ್ತದೆ. ಇಷ್ಟಕ್ಕೂ ಬೇಕಾಗುವುದು ಒಂದು ಮಡಿಕೆ ಮಾತ್ರ, ಗುಂಡಿಯಿಲ್ಲ, ಜಿಪ್ಪಿಲ್ಲ. ಪಟ್ಟಣದವರು ಕಂಬಳಿ ಹೊದ್ದು ಕಚೇರಿಗೆ ಹೋಗಲಾದೀತೇ ಎಂದು ಕೇಳಬಹುದು. ಅನುಸರಿಸಬೇಕಾದದ್ದು ಕಂಬಳಿಯನ್ನಲ್ಲ, ಅದರ ನಿಯಮವನ್ನು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದ ರಯಾನ್ ಯಾಸಿನ್ 2017ರಲ್ಲಿ ರೂಪಿಸಿದ ‘ಪೆಟಿ ಪ್ಲಿ’ ಮಕ್ಕಳುಡುಪು ಇದೇ ನಿಯಮದ ಹೊಸ ರೂಪ. ಮೈತುಂಬ ನೆರಿಗೆಯಿರುವ ಆ ಉಡುಪು ಮಗು ಬೆಳೆದಂತೆ ಹಿಗ್ಗಿ, ಹಲವು ಅಳತೆಗಳ ಬಟ್ಟೆಯ ಕೆಲಸವನ್ನು ಒಂದೇ ಮಾಡುತ್ತದೆ. ಮಕ್ಕಳು ಬೆಳೆಯುವುದು ನಿಶ್ಚಿತ, ಆದ್ದರಿಂದ ಈ ಉಪಯೋಗವೂ ನಿಶ್ಚಿತ. ಹೆಣ್ಣುಮಕ್ಕಳ ಲಂಗದ ಅಂಚಿನಲ್ಲಿ ಒಂದೆರಡು ಮಡಿಕೆ ಹಾಕಿ ಹೊಲಿದು, ವರ್ಷಕ್ಕೊಮ್ಮೆ ಬಿಚ್ಚುತ್ತಿದ್ದ ನಮ್ಮ ದರ್ಜಿಗಳು ಮಾಡಿದ್ದೂ ಇದನ್ನೇ.

ಇಷ್ಟೆಲ್ಲ ಲೆಕ್ಕ ಹಾಕುತ್ತ ಕುಳಿತರೆ ವಿದ್ಯಾರ್ಥಿಯ ಕಲ್ಪನೆಗೆ ಕಡಿವಾಣ ಬೀಳುವುದಿಲ್ಲವೇ ಎಂಬ ಆಕ್ಷೇಪವಿದೆ. ಜಿಪ್ಪಿನಿಂದ ತೋಳು ಕಳಚುವುದಕ್ಕಿಂತ ಮಡಿಕೆಯೊಂದರಲ್ಲೇ ತೋಳನ್ನು ಗಿಡ್ಡ ಮಾಡುವುದಕ್ಕೆ ಹೆಚ್ಚಿನ ಕಲ್ಪನೆ ಬೇಕು. ತೊಡುವುದು ಬಿಡುವುದು ಗ್ರಾಹಕರಿಗೆ ಸೇರಿದ್ದು, ವಿನ್ಯಾಸಕರು ಏನು ಮಾಡಿಯಾರು ಎಂಬ ವಾದವೂ ಇದೆ. ಅದು ಅರ್ಧ ಮಾತ್ರ ನಿಜ. ಮೈ ತುಂಬಿಕೊಂಡಾಗ ಸಡಿಲಿಸಲು ಹೊಲಿಗೆಯೊಳಗೆ ಬಟ್ಟೆ ಬಿಡುವುದು, ಬೇಗ ಸವೆಯುವ ಮೊಣಕೈಗೂ ಕಾಲರಿಗೂ ಬದಲಿಸಬಹುದಾದ ತುಂಡು ಇಡುವುದು, ಮನೆಯಲ್ಲೇ ಒಗೆಯಬಹುದಾದ ಬಟ್ಟೆ ಆರಿಸುವುದು ಎಲ್ಲವೂ ವಿನ್ಯಾಸಕರ ಕೈಯಲ್ಲೇ ಇವೆ. ಉಡುಪಿನ ಆಯುಸ್ಸಿನ ದೊಡ್ಡ ಭಾಗ ನಕ್ಷೆಯ ಮೇಜಿನ ಮೇಲೆಯೇ ನಿಗದಿಯಾಗುತ್ತದೆ.

ಆದ್ದರಿಂದ ಫ್ಯಾಷನ್ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಪ್ರದರ್ಶನಕ್ಕಿಡುವ ಬಹೂಪಯೋಗಿ ಉಡುಪಿನ ಪಕ್ಕದ ಚೀಟಿಯಲ್ಲಿ ಅದನ್ನು ಎಷ್ಟು ಬಗೆಯಲ್ಲಿ ತೊಡಬಹುದು ಎಂದು ಬರೆಯಬೇಡಿ. ಅದರ ತೂಕ ಎಷ್ಟು ಗ್ರಾಂ, ಬಿಡಿಭಾಗಗಳು ಎಷ್ಟು, ಅದು ಬಂದ ಮೇಲೆ ಯಾವ ಉಡುಪನ್ನು ಕೊಳ್ಳಬೇಕಾಗಿಲ್ಲ, ಕೆಟ್ಟರೆ ಬೀದಿಯ ದರ್ಜಿ ರಿಪೇರಿ ಮಾಡಬಲ್ಲರೇ ಎಂದು ಬರೆಯಿರಿ. ಪ್ರದರ್ಶನಕ್ಕೆ ಮೊದಲು ಒಬ್ಬರಿಗೆ ಮೂರು ತಿಂಗಳು ತೊಡಲು ಕೊಟ್ಟು, ತೊಟ್ಟ ದಿನಗಳನ್ನು ಎಣಿಸಿ. ಆ ಎಣಿಕೆಯಲ್ಲಿ ಗೆದ್ದ ಉಡುಪನ್ನಷ್ಟೇ ಸುಸ್ಥಿರ ಎಂದು ಕರೆಯಿರಿ.