ಕೆಟ್ಟ ಸುದ್ದಿಯೂ ಮೇಲಕ್ಕೆ ಹೋಗಲಿ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೌಲ್ಯಗಳಿಗೆ ಬರವಿಲ್ಲ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಲಾಂಛನ ಜ್ಞಾನಕ್ಕೆ ಸಮಾನವಾದದ್ದು ಬೇರಿಲ್ಲ ಎನ್ನುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಧ್ಯೇಯವಾಕ್ಯ ‘ಅರಿವೇ ಗುರು’. ಯುಜಿಸಿ 2019ರಲ್ಲಿ ‘ಮೌಲ್ಯ ಪ್ರವಾಹ’ ಎಂಬ ಮಾರ್ಗಸೂಚಿಯನ್ನೇ ಹೊರಡಿಸಿತು. ನ್ಯಾಕ್ ಮಾನ್ಯತೆಯ ಏಳನೆಯ ಮಾನದಂಡದಲ್ಲಿ ಸಾಂಸ್ಥಿಕ ಮೌಲ್ಯಗಳ ಪ್ರಸ್ತಾಪವಿದೆ. ಅಧ್ಯಾಪಕರಿಗೂ ಆಡಳಿತ ಸಿಬ್ಬಂದಿಗೂ ನೀತಿಸಂಹಿತೆ ಇದೆಯೇ ಎಂದು ಅಲ್ಲಿ ಕೇಳಲಾಗುತ್ತದೆ. ಇಷ್ಟೆಲ್ಲ ಇದ್ದೂ ಒಂದೇ ಆವರಣದಲ್ಲಿ ದುಡಿಯುವ ಬೋಧಕರು ಮತ್ತು ಬೋಧಕೇತರರು ಬಹುಪಾಲು ಸುತ್ತೋಲೆ, ಜ್ಞಾಪನಗಳ ಮೂಲಕವೇ ಮಾತನಾಡುತ್ತಾರೆ. ಮೌಲ್ಯಗಳನ್ನು ಮೇಲಿನವರು ಬರೆದು ಕೆಳಗಿನವರಿಗೆ ಕಳಿಸಿದ್ದಾರೆಯೇ ಹೊರತು ಎಲ್ಲರೂ ಸೇರಿ ಒಪ್ಪಿಕೊಂಡಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣವೆಂದು ನನಗೆ ಅನ್ನಿಸುತ್ತದೆ.

ಪರೀಕ್ಷಾ ವಿಭಾಗವನ್ನೇ ನೋಡಿ. ಯಾವುದೋ ಕಾಲೇಜಿನ ಆಂತರಿಕ ಅಂಕಗಳು ಬಂದಿಲ್ಲ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಆ ಕಡತ ನೋಡುವ ವಿಷಯ ನಿರ್ವಾಹಕರಿಗೆ. ಆ ಸುದ್ದಿ ಅಧೀಕ್ಷಕರು, ಸಹಾಯಕ ಕುಲಸಚಿವರು, ಉಪ ಕುಲಸಚಿವರನ್ನು ದಾಟಿ ಕುಲಸಚಿವರ (ಮೌಲ್ಯಮಾಪನ) ಮೇಜು ತಲುಪಬೇಕು. ಕೊರತೆಯನ್ನು ಮೊದಲು ಬರೆದವರಿಂದಲೇ ಮೊದಲು ವಿವರಣೆ ಕೇಳುವ ಪದ್ಧತಿ ಇದ್ದರೆ ಯಾರು ತಾನೆ ಬರೆಯುತ್ತಾರೆ? ಟಿಪ್ಪಣಿ ಮೆಟ್ಟಿಲು ಮೆಟ್ಟಿಲಿಗೂ ಮೆತ್ತಗಾಗುತ್ತದೆ, ಕೊನೆಗೆ ‘ಕ್ರಮ ವಹಿಸಲಾಗುತ್ತಿದೆ’ ಎಂಬಲ್ಲಿಗೆ ನಿಲ್ಲುತ್ತದೆ. ಅತ್ತ ಕಚೇರಿಯವರು ಮಂದಗತಿಯವರೆಂದು ವಿಭಾಗದವರು ಭಾವಿಸುತ್ತಾರೆ. ಇತ್ತ ಮೇಷ್ಟ್ರುಗಳಿಗೆ ಗಡುವಿನ ಪರಿವೆಯಿಲ್ಲವೆಂದು ಕಚೇರಿಯವರು ಭಾವಿಸುತ್ತಾರೆ. ಪಾಠದ ದೊಡ್ಡ ಭಾರ ಹೊತ್ತ ಅತಿಥಿ ಉಪನ್ಯಾಸಕರನ್ನು ಸಭೆಗೆ ಕರೆಯಬೇಕೆಂಬುದು ಎಷ್ಟೋ ಕಡೆ ಯಾರಿಗೂ ಹೊಳೆಯುವುದೇ ಇಲ್ಲ. ಫಲಿತಾಂಶ ತಡವಾದಾಗ ಸ್ನಾತಕೋತ್ತರ ಪ್ರವೇಶವನ್ನೋ ಕೆಲಸವನ್ನೋ ಕಳೆದುಕೊಳ್ಳುವವರು ವಿದ್ಯಾರ್ಥಿಗಳು. ನನ್ನನ್ನು ಹೆಚ್ಚು ಕಾಡುವುದು ಇದೇ.

ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಒಳ್ಳೆಯ ತಂಡಗಳಲ್ಲಿ ಔಷಧ ನೀಡುವಾಗಿನ ತಪ್ಪುಗಳು ಕಡಿಮೆಯಿರಬೇಕೆಂದು ಅವರು ಎಣಿಸಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂದಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದವು ಎಂಬ ವಿವರಣೆಯತ್ತ ಅವರು ಬಂದರು. ಆಸ್ಪತ್ರೆ ಬೇರೆ, ವಿಶ್ವವಿದ್ಯಾಲಯ ಬೇರೆ, ನಿಜ. ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವ ಯಾವ ಜಾಗಕ್ಕೂ ಈ ಮಾತು ಸಲ್ಲುತ್ತದೆ. ಅಡಚಣೆಯನ್ನು ಬೇಗ ತಿಳಿಸಿದವರಿಗೆ ಶಿಕ್ಷೆಯಿಲ್ಲ ಎಂಬ ಒಂದೇ ಮೌಲ್ಯವನ್ನು ಕುಲಪತಿಗಳಿಂದ ಗ್ರೂಪ್ ಡಿ ನೌಕರರವರೆಗೆ ಎಲ್ಲರೂ ನಂಬುವಂತಾದರೆ, ಗೋಡೆಗೆ ತೂಗುಹಾಕಿದ ಹತ್ತು ಧ್ಯೇಯಗಳಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಇದೆಲ್ಲ ಹೊಟ್ಟೆ ತುಂಬಿದವರ ಮಾತು, ನಿಜವಾದ ರೋಗ ಖಾಲಿ ಹುದ್ದೆಗಳದ್ದು ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಬಹಳ ಸತ್ಯವಿದೆ. ಮೂವರ ಕೆಲಸವನ್ನು ಒಬ್ಬರು ಮಾಡುವಲ್ಲಿ ಸೌಹಾರ್ದದ ಉಪದೇಶ ಅನ್ಯಾಯವೇ. ನೇಮಕಾತಿಗೆ ಮೌಲ್ಯ ಪರ್ಯಾಯವಾಗಲಾರದು. ಆದರೆ ಜನ ಕಡಿಮೆ ಇರುವಲ್ಲಿ ಮಾಹಿತಿ ತಡವಾದರೆ ಆಗುವ ನಷ್ಟ ಇನ್ನೂ ಹೆಚ್ಚು. ಶ್ರೇಣಿ ಸಡಿಲವಾದರೆ ಶಿಸ್ತು ಹೋಗುತ್ತದೆ ಎಂಬ ಭಯವೂ ಇದೆ. ಸಹಿ ಹಾಕುವ ಅಧಿಕಾರ ಎಲ್ಲಿದೆಯೋ ಅಲ್ಲೇ ಇರಲಿ. ಹೇಳುವ ಹಕ್ಕು ಮಾತ್ರ ಎಲ್ಲರದ್ದಾಗಲಿ. ಸೇವಾ ನಿಯಮಗಳೇ ಸಾಲವೇ ಎಂದರೆ, ಏನು ಮಾಡಬಾರದೆಂದು ನಿಯಮ ಹೇಳೀತು. ಪಕ್ಕದ ವಿಭಾಗಕ್ಕೆ ತಾನಾಗಿ ಒಂದು ಫೋನ್ ಮಾಡಿ ಎಚ್ಚರಿಸುವಂತೆ ಮಾಡುವುದು ನಿಯಮದ ಕೈಯಲ್ಲಿಲ್ಲ.

ಬದಲಾವಣೆ ಎಲ್ಲಿಂದ ಆರಂಭವಾಗಬೇಕೆಂಬುದಕ್ಕೆ ಆಂತರಿಕ ಗುಣಮಟ್ಟ ಭರವಸಾ ಕೋಶದ ರಚನೆಯೇ ಸುಳಿವು ಕೊಡುತ್ತದೆ. ನ್ಯಾಕ್ ಮಾರ್ಗಸೂಚಿಯ ಪ್ರಕಾರ ಅದರಲ್ಲಿ ಅಧ್ಯಾಪಕರಿದ್ದಾರೆ, ಹಿರಿಯ ಆಡಳಿತಾಧಿಕಾರಿಗಳಿದ್ದಾರೆ, ವಿದ್ಯಾರ್ಥಿ, ಹಳೆಯ ವಿದ್ಯಾರ್ಥಿ, ಉದ್ಯಮಗಳ ಪ್ರತಿನಿಧಿಗಳೂ ಇದ್ದಾರೆ. ಕಡತವನ್ನು ದಿನವೂ ಮುಟ್ಟುವ ಗುಮಾಸ್ತರಿಗೆಂದು ಒಂದು ಕುರ್ಚಿಯನ್ನು ಅದು ಹೆಸರಿಸುವುದಿಲ್ಲ. ಅವರನ್ನು ಕರೆಯಬಾರದೆಂದೇನೂ ಇಲ್ಲವಲ್ಲ. ಕುಲಪತಿಗಳೇ, ಮುಂದಿನ ಸೆಮಿಸ್ಟರ್ ಪರೀಕ್ಷೆಗೆ ಮೊದಲು ವಿಷಯ ನಿರ್ವಾಹಕರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್‌ಗಳು ಮತ್ತು ವಿಭಾಗದ ಮುಖ್ಯಸ್ಥರನ್ನು ಒಂದೇ ಮೇಜಿನ ಸುತ್ತ ಕೂರಿಸಿ. ಈ ಸಲ ಎಲ್ಲಿ ಎಡವಬಹುದು ಎಂದು ಕೇಳಿ, ಹೇಳಿದ್ದನ್ನು ನಡಾವಳಿಯಲ್ಲಿ ಬರೆಸಿ, ಹೇಳಿದವರಿಗೆ ನೋಟಿಸ್ ಹೋಗದಂತೆ ನೋಡಿಕೊಳ್ಳಿ.