ಜೀವಸತ್ತ್ವದ ಗುಳಿಗೆ ಮತ್ತು ಮರುಕಳಿಸುವ ಕ್ಯಾನ್ಸರ್

ಜೀವಸತ್ತ್ವಗಳು, ಅಂದರೆ ವಿಟಮಿನ್‌ಗಳು, ದೇಹಕ್ಕೆ ಅವಶ್ಯಕವೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅವಶ್ಯಕವಾದ ವಸ್ತು ಹೆಚ್ಚಾದಷ್ಟೂ ಒಳ್ಳೆಯದೆಂಬುದು ಮಾತ್ರ ಬೇರೆಯೇ ಮಾತು. ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿರುವ ಮನೆಯಲ್ಲಿ ಈ ನಂಬಿಕೆ ಬಲವಾಗಿರುವುದು ಸಹಜ. ರೋಗಿ ಸೊರಗಿರುತ್ತಾನೆ, ಊಟ ಸೇರದು. ಗುಳಿಗೆಗಳಾದರೋ ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ದೊರೆಯುತ್ತವೆ. ಶಕ್ತಿಗೆ ಒಳ್ಳೆಯದೆಂದು ಬಂಧುಗಳು ತಂದುಕೊಡುತ್ತಾರೆ. ಇಂತಹ ಗುಳಿಗೆಗಳನ್ನು ಕುರಿತು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ನಡೆದ ಒಂದು ಪ್ರಯೋಗವು ಯಾರೂ ನಿರೀಕ್ಷಿಸದಿದ್ದ ಉತ್ತರವನ್ನು ಕೊಟ್ಟಿತು.

ಅದನ್ನು ತಿಳಿಯಲು ಮೊದಲು ಕಿರಣಚಿಕಿತ್ಸೆಯ ಬಗೆಯನ್ನು ನೋಡಬೇಕು. ಜೀವಕೋಶದಲ್ಲಿ ಹೆಚ್ಚಿನ ಪಾಲು ನೀರು. ಕ್ಷ-ಕಿರಣವು ನೀರಿನ ಅಣುವಿನಿಂದ ಎಲೆಕ್ಟ್ರಾನೊಂದನ್ನು ಕಿತ್ತೊಗೆದಾಗ ಹೈಡ್ರಾಕ್ಸಿಲ್ ಎಂಬ ಕಣವು ಹುಟ್ಟುತ್ತದೆ. ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನುಳ್ಳ ಈ ಕಣ ಬಹು ಉಗ್ರವಾದುದು. ಅದರ ಆಯುಸ್ಸು ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಆಸುಪಾಸು; ಅಷ್ಟರೊಳಗೇ ಅದು ಸನಿಹದ ಡಿ.ಎನ್.ಎ. ಎಳೆಯನ್ನು ಕಡಿಯಬಲ್ಲದು. ಕ್ಷ-ಕಿರಣಗಳಿಂದ ಡಿ.ಎನ್.ಎ.ಗೆ ಆಗುವ ಹಾನಿಯಲ್ಲಿ ಸುಮಾರು ಮೂರರಲ್ಲೆರಡು ಪಾಲು ಹೀಗೆ ನೀರಿನ ಮೂಲಕವೇ ಆಗುವುದು. ಕಿರಣಕ್ಕಿಂತ ನೀರೇ ಹೆಚ್ಚು ಕೊಲ್ಲುತ್ತದೆಂದರೂ ಸಲ್ಲುವುದು! ‘ಇ’ ಜೀವಸತ್ತ್ವ, ಗಜ್ಜರಿಗೆ ಬಣ್ಣ ಕೊಡುವ ಬೀಟಾ-ಕ್ಯಾರೊಟಿನ್ ಮುಂತಾದುವು ಇಂತಹ ಉಗ್ರಕಣಗಳನ್ನು ತಣಿಸುವ ವಸ್ತುಗಳು. ಇವನ್ನು ಉತ್ಕರ್ಷಣ ನಿರೋಧಕಗಳೆನ್ನುವರು.

ಕಿರಣಗಳ ದುಷ್ಪರಿಣಾಮವನ್ನು ಇವು ತಗ್ಗಿಸಬಹುದು, ಹೊಸ ಕ್ಯಾನ್ಸರನ್ನೂ ತಡೆಯಬಹುದು ಎಂಬುದು ಕ್ವಿಬೆಕ್ ವಿಜ್ಞಾನಿಗಳ ಆಶಯವಾಗಿತ್ತು. ತಲೆ ಮತ್ತು ಕತ್ತಿನ ಭಾಗದಲ್ಲಿ ಆರಂಭದ ಹಂತದ ಕ್ಯಾನ್ಸರಿದ್ದ 540 ಮಂದಿಯನ್ನು 1994ರಿಂದ 2000ದವರೆಗೆ ಆರಿಸಿಕೊಂಡರು. ಒಂದು ಗುಂಪಿಗೆ ದಿನಕ್ಕೆ 400 ಏಕಮಾನ ‘ಇ’ ಜೀವಸತ್ತ್ವ ಮತ್ತು 30 ಮಿಲಿಗ್ರಾಂ ಬೀಟಾ-ಕ್ಯಾರೊಟಿನ್. ಇನ್ನೊಂದಕ್ಕೆ ಹುಸಿ ಗುಳಿಗೆ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ನಡುವೆ ಒಂದು ವಿಘ್ನ ಬಂದಿತು. 1996ರಲ್ಲಿ ಅಮೆರಿಕದಲ್ಲಿ 18,314 ಜನರ ಮೇಲಿನ ಮತ್ತೊಂದು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಬೀಟಾ-ಕ್ಯಾರೊಟಿನ್ ಹಾಗೂ ‘ಎ’ ಜೀವಸತ್ತ್ವ ಪಡೆದ ಧೂಮಪಾನಿಗಳು ಮತ್ತು ಆಸ್ಬೆಸ್ಟಾಸ್ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 28ರಷ್ಟು ಹೆಚ್ಚಾಗಿತ್ತು. ಆದುದರಿಂದ ಕ್ವಿಬೆಕ್‌ನಲ್ಲಿ ಬೀಟಾ-ಕ್ಯಾರೊಟಿನ್ ಕೈಬಿಟ್ಟು ‘ಇ’ ಒಂದನ್ನೇ ಮುಂದುವರಿಸಿದರು.

2005ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿತ್ತು. ಎರಡೂ ಗುಳಿಗೆಗಳನ್ನು ಪಡೆದವರಲ್ಲಿ ಕಿರಣಗಳ ತೀವ್ರ ದುಷ್ಪರಿಣಾಮ ನಿಜವಾಗಿಯೂ ತಗ್ಗಿತ್ತು. ಆದರೆ ಗುಳಿಗೆಯ ಗುಂಪಿನಲ್ಲಿ ಹಳೆಯ ಕ್ಯಾನ್ಸರ್ ಮರುಕಳಿಸುವ ದರ ಶೇಕಡಾ 37ರಷ್ಟು ಹೆಚ್ಚು ಕಂಡಿತು. ಇಲ್ಲಿ ಎಚ್ಚರಿಕೆ ಬೇಕು. ಲೆಕ್ಕದ ಪ್ರಕಾರ ನಿಜವಾದ ಅಂತರ ಶೇಕಡಾ 7ರ ಇಳಿಕೆಯಿಂದ ಎರಡು ಪಟ್ಟು ಏರಿಕೆಯವರೆಗೆ ಎಲ್ಲಿಯಾದರೂ ಇರಬಹುದಾಗಿತ್ತು. ಆಕಸ್ಮಿಕವೆಂದು ತಳ್ಳಿಹಾಕಲು ಅವಕಾಶವಿತ್ತು. 2008ರ ವಿಶ್ಲೇಷಣೆಯು ಆ ಅವಕಾಶವನ್ನು ಕಿರಿದುಗೊಳಿಸಿತು. ಕಿರಣಚಿಕಿತ್ಸೆಯ ಅವಧಿಯಲ್ಲಿಯೂ ಸಿಗರೇಟು ಬಿಡದೆ ಗುಳಿಗೆ ನುಂಗಿದವರಲ್ಲಿ ಮರುಕಳಿಕೆ ಸುಮಾರು 2.4 ಪಟ್ಟಾಗಿತ್ತು. ಆಗ ಸೇದದಿದ್ದವರಲ್ಲಿ ಹೆಚ್ಚಳ ಕಾಣಲಿಲ್ಲ.

ಕಾರಣವೇನು? ಆರೋಗ್ಯವಂತ ಕೋಶವನ್ನು ಕಾಯ್ದ ವಸ್ತುವೇ ಕ್ಯಾನ್ಸರ್ ಕೋಶವನ್ನೂ ಕಾಯ್ದಿತೆಂಬುದು ಸುಲಭವಾದ ವಿವರಣೆ. ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಪೂರ್ಣ ತೃಪ್ತಿ ಕೊಡದು. ‘ಇ’ ಜೀವಸತ್ತ್ವ ನೆಲೆಸುವುದು ಕೋಶದ ಕೊಬ್ಬಿನ ಪೊರೆಯಲ್ಲಿ, ಡಿ.ಎನ್.ಎ. ಬಳಿ ಹುಟ್ಟಿ ಅಲ್ಲಿಯೇ ಸಾಯುವ ಕಣವನ್ನು ಅದು ಹಿಡಿಯುವುದೆಂತು? 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಲಿಗಳಿಗೆ ಯಾವ ಕಿರಣವನ್ನೂ ಕೊಡದೆ ‘ಇ’ ಜೀವಸತ್ತ್ವವನ್ನಷ್ಟೇ ಉಣಿಸಿದಾಗಲೂ ಶ್ವಾಸಕೋಶದ ಗಂತಿಗಳು ಬೇಗ ಬೆಳೆದುವು. ಡಿ.ಎನ್.ಎ. ಹಾನಿ ತಗ್ಗಿದಾಗ, ಆ ಹಾನಿಯನ್ನು ಕಂಡು ಕೋಶದ ಬೆಳವಣಿಗೆಯನ್ನು ತಡೆಯುವ ಪಿ-53 ಎಂಬ ಪ್ರೋಟೀನೂ ತಗ್ಗುತ್ತದೆಂದು ಅವರು ತೋರಿಸಿದರು. ನನಗೆ ಈ ವಿವರಣೆಯೇ ಹೆಚ್ಚು ಒಪ್ಪಿಗೆಯಾಗುತ್ತದೆ.

ಸ್ತನದ ಕ್ಯಾನ್ಸರಿಗೆ ಔಷಧ ಚಿಕಿತ್ಸೆ ಪಡೆದ 1,134 ಮಂದಿಯ ಅಮೆರಿಕದ ಅಧ್ಯಯನ 2020ರಲ್ಲಿ ಬಂದಿತು. ಚಿಕಿತ್ಸೆಗೆ ಮುಂಚೆಯೂ ಚಿಕಿತ್ಸೆಯ ನಡುವೆಯೂ ‘ಬಿ-12’ ಗುಳಿಗೆ ತೆಗೆದುಕೊಂಡವರಲ್ಲಿ ಮರುಕಳಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಅಲ್ಲಿ ಗುಳಿಗೆಯನ್ನು ಆರಿಸಿಕೊಂಡವರು ರೋಗಿಗಳೇ. ಆದುದರಿಂದ ಅದು ಕ್ವಿಬೆಕ್ ಪ್ರಯೋಗದಷ್ಟು ಬಲವಾದ ಸಾಕ್ಷ್ಯವಲ್ಲ.

ಇದೆಲ್ಲ ಗಜ್ಜರಿ, ಸೊಪ್ಪು, ಕಡಲೆಕಾಯಿಗಳ ಮಾತಲ್ಲ. ಕ್ವಿಬೆಕ್‌ನ ಗುಳಿಗೆಯಲ್ಲಿದ್ದ ‘ಇ’ ಜೀವಸತ್ತ್ವವು ವಯಸ್ಕನ ದಿನದ ಅಗತ್ಯದ ಹತ್ತು ಪಟ್ಟಿಗೂ ಮಿಗಿಲು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡುಬಂದರೆ ಎಷ್ಟು, ಎಂದಿನಿಂದ ಎಂಬುದನ್ನು ಚಿಕಿತ್ಸೆ ನಡೆಸುವ ವೈದ್ಯರೇ ಬರೆದುಕೊಡುತ್ತಾರೆ; ಮನೆಯಲ್ಲಿ ನುಂಗುತ್ತಿರುವ ಗುಳಿಗೆಗಳ ಹೆಸರು ಅವರಿಗೆ ಗೊತ್ತಿರಬೇಕಷ್ಟೆ.