ಅರ್ಕಾಟಿಯ ಮೊಮ್ಮಕ್ಕಳು

2022ರ ಜೂನ್ ಹೊತ್ತಿಗೆ ತಮಿಳುನಾಡಿನ 28 ಮಂದಿ ನವದೆಹಲಿ ರೈಲು ನಿಲ್ದಾಣದ ಪ್ಲಾಟ್‌ಫಾರಂಗಳಲ್ಲಿ ದಿನಕ್ಕೆ ಎಂಟು ಗಂಟೆ ನಿಂತು, ಬಂದುಹೋಗುವ ರೈಲುಗಳನ್ನೂ ಅವುಗಳ ಬೋಗಿಗಳನ್ನೂ ಎಣಿಸುತ್ತಿದ್ದರು. ರೈಲ್ವೆ ನೌಕರಿಗೆ ಇದೇ ತರಬೇತಿ ಎಂದು ಅವರನ್ನು ನಂಬಿಸಲಾಗಿತ್ತು. ಹೆಚ್ಚಿನವರು ಪದವೀಧರರು. ಹೀಗೆ ಸುಮಾರು ಒಂದು ತಿಂಗಳು ಎಣಿಸಿದರು. ಎಲ್ಲರೂ ಸೇರಿ ಕಟ್ಟಿದ್ದ 2.67 ಕೋಟಿ ರೂಪಾಯಿ ಕೈತಪ್ಪಿತ್ತು. ಸುದ್ದಿ ಓದಿ ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. ಮನೆಯವರ ಉಳಿತಾಯ ತಂದು ಕಟ್ಟಿದವನಿಗೆ ನಂಬದೆ ಬೇರೆ ದಾರಿ ಉಳಿದಿರುವುದಿಲ್ಲ.

ಕೆಲಸದ ಹೆಸರಿನ ಮೋಸ ಮೊಬೈಲಿಗಿಂತ ಬಹಳ ಹಳೆಯದು. 1834ರಿಂದ ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳನ್ನು ಹಡಗಿನಲ್ಲಿ ಸಾಗಿಸತೊಡಗಿದಾಗ ಊರೂರು ಅಲೆದು ಆಳು ಹಿಡಿಯುವವರು ಹುಟ್ಟಿಕೊಂಡರು. ಉತ್ತರ ಭಾರತದಲ್ಲಿ ಅವರನ್ನು ಅರ್ಕಾಟಿ ಎನ್ನುತ್ತಿದ್ದರು. ತಲೆಗಿಷ್ಟು ಎಂದು ಅವರ ಸಂಪಾದನೆ. 1873ರಲ್ಲಿ ಲಲ್ಲಾ ರೂಖ್ ಹಡಗು ಕಲ್ಕತ್ತಾದಿಂದ ಸುರಿನಾಮ್‌ಗೆ ಹೊರಟಿತು; ಕರೆದೊಯ್ಯುತ್ತಿರುವುದು ‘ಶ್ರೀರಾಮ ದೇಶ’ಕ್ಕೆ ಎಂದು ಹೇಳಿ ಜನರನ್ನು ಹತ್ತಿಸಿದರೆಂಬ ನೆನಪು ಅಲ್ಲಿನ ಭಾರತೀಯ ಮೂಲದವರಲ್ಲಿ ಇನ್ನೂ ಉಳಿದಿದೆ. ಇಂಥ ಅನ್ಯಾಯ ತಡೆಯಲು 19ನೇ ಶತಮಾನದಲ್ಲೇ ‘ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್’ ಎಂಬ ಅಧಿಕಾರಿಯನ್ನು ನೇಮಿಸಲಾಯಿತು. ಆ ಹುದ್ದೆ ಇವತ್ತಿಗೂ ಇದೆ. ಬೆಂಗಳೂರಿನಲ್ಲೂ ಅದರ ಕಚೇರಿಯುಂಟು.

1970ರ ದಶಕದಲ್ಲಿ ಕೊಲ್ಲಿ ದೇಶಗಳ ತೈಲದ ಹಣ ನಮ್ಮ ಕರಾವಳಿಯನ್ನೂ ಕರೆಯಿತು. ಜೊತೆಗೇ ವೀಸಾ ಏಜೆಂಟರು ಬಂದರು. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವನು ಪಡೆಯಬಹುದಾದ ಶುಲ್ಕಕ್ಕೂ ಮಿತಿ ಇದೆ: 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿಯನ್ನೂ ಕೊಡಬೇಕು. ಲಕ್ಷಗಟ್ಟಲೆ ಕೇಳುವವನು ಅಲ್ಲೇ ಕಾನೂನು ಮುರಿದಿರುತ್ತಾನೆ. ಈ ಒಂದು ಅಂಕಿ ಊರಿನ ಪ್ರತಿ ಮನೆಗೂ ಗೊತ್ತಿರಬೇಕಿತ್ತು.

ಕಾನೂನಿಗೆ ಏಜೆಂಟರು ಕಂಡುಕೊಂಡ ಅಡ್ಡದಾರಿ ವಿಸಿಟ್ ವೀಸಾ. ‘ಹೋದ ಮೇಲೆ ಚೇಂಜ್ ಮಾಡಿಸ್ತೀವಿ’ ಎನ್ನುವ ಮಾತನ್ನು ನಂಬಿದವರ ಪಾಡು ಎಲ್ಲಿಗೆ ಮುಟ್ಟಬಹುದೆಂದು ಕಲಬುರಗಿ ಕಂಡಿದೆ. 2023ರ ಕೊನೆಯಲ್ಲಿ ಅಲ್ಲಿನ ಯುವಕರು ಸೆಕ್ಯುರಿಟಿ, ಹೆಲ್ಪರ್ ಕೆಲಸವೆಂದು ರಷ್ಯಾಕ್ಕೆ ಹೋದರು. ಕೈಗೆ ಸಿಕ್ಕಿದ್ದು ಬಂದೂಕು, ನಿಲ್ಲಿಸಿದ್ದು ಉಕ್ರೇನ್ ಯುದ್ಧದಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಅವರು ಜೀವಸಹಿತ ಮರಳಿದರು. ಅದೇ ಜಾಲಕ್ಕೆ ಬಿದ್ದವರೆಲ್ಲ ಮರಳಲಿಲ್ಲ.

ದೇಶದೊಳಗಿನ ಮೋಸಕ್ಕೆ ವೀಸಾ ಬೇಕಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ‘ಕನ್ಸಲ್ಟೆನ್ಸಿ’, ‘ಬ್ಯಾಕ್‌ಡೋರ್’ ಎಂಬ ಪದಗಳು ಚಿರಪರಿಚಿತ. ದೊಡ್ಡ ಕಂಪನಿಯ ಲೋಗೊ, ದುಂಡನೆಯ ಸೀಲು, ಸಹಿ ಎಲ್ಲವೂ ಇರುವ ಆಫರ್ ಲೆಟರ್ ಬರುತ್ತದೆ. ಕಳಿಸಿದ ವಿಳಾಸ ಮಾತ್ರ ಜಿಮೇಲ್‌ನದು. ಲ್ಯಾಪ್‌ಟಾಪ್‌ಗೆಂದು, ತರಬೇತಿಗೆಂದು ‘ವಾಪಸ್ ಕೊಡುವ ಡೆಪಾಸಿಟ್’ ಕೇಳುತ್ತಾರೆ.

2016ರಲ್ಲಿ ಯುಪಿಐ ಬಂತು, 2020ರ ಲಾಕ್‌ಡೌನ್ ಮನೆಯಿಂದಲೇ ದುಡಿಯುವುದನ್ನು ರೂಢಿಗೆ ತಂದಿತು. ಈ ಎರಡೂ ಸೇರಿದಲ್ಲಿ ಬೆಳೆದದ್ದು ‘ಟಾಸ್ಕ್’ ವಂಚನೆ. ವಾಟ್ಸ್ಆ್ಯಪ್‌ಗೆ ಸಂದೇಶ: ಮೂರು ಯೂಟ್ಯೂಬ್ ವಿಡಿಯೊ ಲೈಕ್ ಮಾಡಿ, 150 ರೂಪಾಯಿ. ಮಾಡಿದರೆ ನಿಜಕ್ಕೂ ಖಾತೆಗೆ ಬೀಳುತ್ತದೆ! ಆಮೇಲೆ ಟೆಲಿಗ್ರಾಂ ಗುಂಪು. ಅಲ್ಲಿ ಹತ್ತಾರು ಜನ ತಮಗೆ ಬಂದ ಹಣದ ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ, ಎಲ್ಲರೂ ವಂಚಕರ ಕಡೆಯವರೇ. ಸಾವಿರ ಕಟ್ಟಿದರೆ ಸಾವಿರದ ಮುನ್ನೂರು, ನಂತರ ಐದು ಸಾವಿರ, ಮೂವತ್ತು ಸಾವಿರ. ಅವರೇ ಮಾಡಿಟ್ಟ ಜಾಲತಾಣದಲ್ಲಿ ನಿಮ್ಮ ಲೆಕ್ಕ ಲಕ್ಷ ದಾಟುತ್ತದೆ. ತೆಗೆಯಲು ಹೋದರೆ ಮೊದಲು ‘ಟ್ಯಾಕ್ಸ್’ ಕಟ್ಟಬೇಕು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಮುಚ್ಚಿಸಿತು.

ಆ ಕಡೆ ಕುಳಿತು ಟೈಪ್ ಮಾಡುವವನೂ ಎಷ್ಟೋ ಬಾರಿ ಕೆಲಸ ಹುಡುಕಿ ಹೋದ ಹುಡುಗನೇ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಎಂದು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡಿಯ ಕಾಂಪೌಂಡುಗಳಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು ಕೂಡಿಹಾಕುತ್ತಾರೆ. ಕಾಂಬೋಡಿಯಾದಲ್ಲೂ ಇದೇ ಕಥೆ. 2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳಲ್ಲಿ ಹೀಗೆ ಸಿಲುಕಿದ 549 ಭಾರತೀಯರನ್ನು ಕರೆತರಬೇಕಾಯಿತು. ಮೋಸಹೋದವನ ಕೈಯಲ್ಲೇ ಇನ್ನೊಬ್ಬನಿಗೆ ಮೋಸ ಮಾಡಿಸುವುದು ಅರ್ಕಾಟಿಗೂ ಹೊಳೆದಿರಲಾರದು.

ಏಜೆಂಟ್ ಬಹಳ ಸಲ ನಮ್ಮೂರಿನವನೇ, ನೆಂಟರ ಪೈಕಿಯವನೇ ಆಗಿರುತ್ತಾನೆ. ‘ನಿಮ್ಮ ನೋಂದಣಿ ಸಂಖ್ಯೆ ಕೊಡಿ ಮಾವ’ ಎಂದು ಕೇಳಲು ಸಂಕೋಚ. ಕೇಳಿಬಿಡಿ. ಸರ್ಕಾರದ ಇ–ಮೈಗ್ರೇಟ್ ತಾಣದಲ್ಲಿ ಆ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ನೋಂದಣಿಯಿಲ್ಲದೆ ದೂರಿಗೆ ಗುರಿಯಾದವರ ಪಟ್ಟಿಯೂ ಅಲ್ಲಿದೆ. ಆಫರ್ ಲೆಟರ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಕಂಪನಿಯ ಸ್ವಂತ ಜಾಲತಾಣದ ನಂಬರಿಗೆ ಮಾಡಿ. ಸಂಬಳ ಹಾಕಲೆಂದು ಎಟಿಎಂ ಕಾರ್ಡು, ಸಿಮ್ಮು ಕೇಳಿದವರಿಗೆ ಕೊಡಬೇಡಿ. ಕದ್ದ ಹಣ ಆ ಖಾತೆಯ ಮೂಲಕ ಹಾದರೆ ಪೊಲೀಸರು ಮೊದಲು ಹುಡುಕಿ ಬರುವುದು ನಿಮ್ಮನ್ನೇ.

ಹಣ ಹೋದದ್ದು ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ದಾಖಲಾದರೆ, ಹಣ ಯಾವ ಖಾತೆಯಲ್ಲಿದೆಯೋ ಅಲ್ಲೇ ತಡೆಹಿಡಿಯಲು ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಆದರೆ ಕಳೆದುಕೊಂಡ ಹುಡುಗರು ನಾಚಿಕೆಯಿಂದ ದಿನಗಟ್ಟಲೆ ಬಾಯಿಬಿಡುವುದಿಲ್ಲ, ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. ಅಪ್ಪ ಅಮ್ಮ ಬೈಯುವುದನ್ನು ಮರುದಿನಕ್ಕಿಟ್ಟುಕೊಂಡು, ಮೊದಲು ತಾವೇ ಆ ನಂಬರ್ ಒತ್ತಲಿ.